ಇಲ್ಲೇ ಅಂದವನು

ಬಂಗಾರಪೇಟೆ
2-2-1958

ಚಿರಂಜೀವಿ ಕದಿರಪ್ಪನಿಗೆ ಬಾವ ಕೋದಂಡಪ್ಪನ ಆಶೀರ್ವಾದ.

ನಿನ್ನ ಅಕ್ಕ ವೆಂಕಟರತ್ನಮ್ಮ ಚೆನ್ನಾಗಿದ್ದಾಳೆ, ನಾನೂ ಚೆನ್ನಾಗಿದ್ದೇನೆ. ಸ್ಟೇಷನ್ ಎದುರಿನ ನಮ್ಮ ಸೋಡಾ ಅಂಗಡಿ ಇನ್ನೂ ಚೆನ್ನಾಗಿದೆ. ಮಾರಿಕುಪ್ಪಂ ಗಾಡಿ ತಡವಾದಷ್ಟೂ ನನಗೆ ವ್ಯಾಪಾರ.

ಮೊನ್ನೆ ಆ ಗಾಡಿಯಿಂದ ಕಾರ್ಮಿಕ ಸಂಘದ ನಮ್ಮ ಕುಪ್ಪುಸ್ವಾಮಿ ಇಳಿದ. ಒಂದು ಗೋಲಿ ಸೋಡಾ ಕುಡಿದು ಒಳ್ಳೆಯ ಸುದ್ದಿ ಹೇಳಿದ. ನಿಮ್ಮ ಚಿನ್ನದ ಗಣಿಯ ಶಾಫ್ಟಿನಲ್ಲಿ ಈ ತಿಂಗಳು ಓಟಂತೆ. ಸಂಘಕ್ಕೆ ಎಲ್ಲರೂ ಸೇರಲೇಬೇಕು, ಸೇರದವರನ್ನು ಗಣಿಗೆ ಇಳಿಸಕೂಡದು ಎಂದು ಗೊತ್ತುಮಾಡುವ ಓಟು. ಕೇಳಿ ನನ್ನ ಎದೆ ಅರಳಿತು. ಆ ಸಂಘ ಕಟ್ಟುವಾಗ ನಾನೂ ಕುಪ್ಪುಸ್ವಾಮಿಯೂ ಒಂದೇ ದಿನ ಒಂದೇ ಲಾಠಿಯಲ್ಲಿ ಏಟು ತಿಂದವರು. ಆಗ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತವರೇ ಸಂಬಳ ಹೆಚ್ಚಾದಾಗ ಮೊದಲು ಬಂದು ಸಾಲಿನಲ್ಲಿ ನಿಂತರು. ಅಂಥವರಿಗೆ ಇನ್ನು ಅವಕಾಶ ಇರುವುದಿಲ್ಲ.

ಕುಪ್ಪುಸ್ವಾಮಿ ಒಬ್ಬೊಬ್ಬರ ಹೆಸರನ್ನೂ ಕೂಗುತ್ತಾನೆ. ಒಪ್ಪಿದವರು ಆಮಾ ಎನ್ನಬೇಕು, ಒಪ್ಪದವರು ಇಲ್ಲೆ ಎನ್ನಬೇಕು. ಊರಿಗಾಂ ಲೈನ್ ಮನೆಗಳಲ್ಲಿ ತಮಿಳೇ ನಡೆಯುವುದು ಎಂದು ನಿನಗೆ ಗೊತ್ತು. ಗಟ್ಟಿಯಾಗಿ ಹೇಳು. ನಿನ್ನನ್ನು ಅಲ್ಲಿ ಕೆಲಸಕ್ಕೆ ಸೇರಿಸಿದವನು ನಾನು. ನಿನ್ನ ಬಾಯಿಂದ ಬರುವುದು ನನ್ನ ಮಾತು ಎಂದೇ ಅವರು ತಿಳಿಯುತ್ತಾರೆ.

ನಿನ್ನ ಹೆಂಡತಿ ಆದಿಲಕ್ಷ್ಮಿಯನ್ನು ಕೇಳಿದೆನೆಂದು ಹೇಳು.

ಇಂತಿ,
ಕೋದಂಡಪ್ಪ


ಊರಿಗಾಂ
9-2-1958

ಪೂಜ್ಯ ಬಾವನವರಿಗೆ ಕದಿರಪ್ಪ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ತಲುಪಿತು. ಲೈನಿನಲ್ಲಿ ಈಗ ಎಲ್ಲಿ ನೋಡಿದರೂ ಓಟಿನದೇ ಮಾತು. ನಲ್ಲಿಯ ಹತ್ತಿರ ಹೆಂಗಸರೂ ನಿನ್ನ ಗಂಡ ಏನೆನ್ನುತ್ತಾನೆ ಎಂದು ಒಬ್ಬರನ್ನೊಬ್ಬರು ಕೇಳುತ್ತಾರಂತೆ. ಆದಿಲಕ್ಷ್ಮಿ ನೀರು ಹಿಡಿದುಕೊಂಡು ಬಂದುಬಿಡುತ್ತಾಳೆ.

ಆಮಾ ಎನ್ನಲು ನನಗೇನೂ ಕಷ್ಟವಿಲ್ಲ. ಆದರೆ ಒಂದು ಸಂಗತಿ ಅರ್ಥವಾಗಲಿಲ್ಲ, ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಎಲ್ಲರೆದುರು ಹೆಸರು ಕೂಗಿ ಕೇಳಿದರೆ ಇಲ್ಲೆ ಎನ್ನುವ ಧೈರ್ಯ ಯಾರಿಗೆ ಬರುತ್ತದೆ? ನನ್ನ ಜೊತೆ ಕೆಳಗೆ ಕೆಲಸ ಮಾಡುವ ಮುನಿಶಾಮಪ್ಪನವರು ಎಷ್ಟೋ ವರ್ಷದಿಂದ ಸಂಘದ ಸದಸ್ಯರು. ಜೊತೆಗೆ ಕೂತು ಬುತ್ತಿ ಬಿಚ್ಚುವಾಗ ಅವರೇ ಹೇಳಿದರು: "ಸೇರು ಅಂದ್ರೆ ಸೇರ್ತೀನಿ ಕಣಪ್ಪ, ಸೇರಿವ್ನಿ ಕೂಡ. ಸೇರ್ಲೇಬೇಕು ಅಂದ್ರೆ ಮಾತ್ರ ನನ್ ಕೈಲಾಗಕಿಲ್ಲ." ನಾನು ನಕ್ಕುಬಿಟ್ಟೆ. ರಾತ್ರಿ ಮನೆಯಲ್ಲಿ ಊಟ ಮಾಡುವಾಗಲೂ ಅದೇ ಮಾತು ತಲೆಯಲ್ಲಿತ್ತು.

ಅಕ್ಕನಿಗೆ ನಮಸ್ಕಾರ.

ಕದಿರಪ್ಪ


ಬಂಗಾರಪೇಟೆ
12-2-1958

ಚಿರಂಜೀವಿ ಕದಿರಪ್ಪನಿಗೆ,

ಯಾರು ಈ ಮುನಿಶಾಮಪ್ಪ? ಯಾವ ಊರಿನವನು? ನಿನ್ನ ಜೊತೆಗೇ ಬಂದು ಕೂತು ಬುತ್ತಿ ಬಿಚ್ಚಲು ಅವನಿಗೇನು ಬಂತು? ಇಷ್ಟು ವರ್ಷ ಸದಸ್ಯನಾಗಿದ್ದು ಈಗ ಬೇಡ ಎನ್ನುವವನ ಹಿಂದೆ ಯಾರೋ ಇರುತ್ತಾರೆ. ಗಣಿ ಆಫೀಸಿನವರು ನೇರವಾಗಿ ಬಂದು ಸಂಘ ಬೇಡ ಎನ್ನುವುದಿಲ್ಲ, ಇಂಥವರ ಬಾಯಲ್ಲಿ ಹೇಳಿಸುತ್ತಾರೆ. ನಾನು ಕಾಣದ್ದೇ? ನನ್ನ ಕಾಲದಲ್ಲೂ ಒಬ್ಬನಿದ್ದ. ಬಹಳ ನಯವಾಗಿ ನ್ಯಾಯ ಮಾತಾಡುತ್ತಿದ್ದ. ಸ್ಟ್ರೈಕ್ ಮುರಿದ ಮರುವಾರ ಮೇಸ್ತ್ರಿಯಾದ.

ಧೈರ್ಯದ ಮಾತು ಬಿಡು. ಹಗಲು ಬೆಳಕಿನಲ್ಲಿ ಹೇಳಲಾಗದ ಮಾತು ನಮಗೆ ಬೇಕಾಗಿಲ್ಲ.

ನಿನ್ನ ಅಕ್ಕನಿಗೆ ಈ ಕಾಗದದ ವಿಷಯ ಹೇಳಿಲ್ಲ. ಅವಳು ನಿನ್ನ ಕಡೆ ವಕಾಲತ್ತು ಶುರುಮಾಡುತ್ತಾಳೆ.

ಕೋದಂಡಪ್ಪ


ಊರಿಗಾಂ
24-2-1958

ಬಾವನವರಿಗೆ ನಮಸ್ಕಾರ.

ಓಟು ಮುಗಿಯಿತು. ನನ್ನ ಹೆಸರು ಕೂಗಿದರು. ಎಲ್ಲರಿಗೂ ಕೇಳುವ ಹಾಗೆ ಇಲ್ಲೇ ಎಂದು ಕೂಗಿದೆ. ಕುಪ್ಪುಸ್ವಾಮಿ ಅಣ್ಣ ಬರೆದುಕೊಂಡು ಮುಂದಿನ ಹೆಸರಿಗೆ ಹೋದರು. ನಿಮ್ಮ ಬಾಮೈದ, ಇವನನ್ನು ಇನ್ನೇನು ಕೇಳುವುದಿದೆ ಎಂದುಕೊಂಡರೇನೋ.

ಹೆಚ್ಚು ಬರೆಯಲು ಆಗುತ್ತಿಲ್ಲ. ಕೆಲಸ ಜಾಸ್ತಿ. ಅಕ್ಕನಿಗೆ ನಾವು ಚೆನ್ನಾಗಿದ್ದೇವೆ ಎಂದು ಹೇಳಿ.

ಕದಿರಪ್ಪ


ಬಂಗಾರಪೇಟೆ
10-3-1958

(ಅಂಚೆ ಕಾರ್ಡು)

ಶ್ರೀ ಕದಿರಪ್ಪನವರಿಗೆ ನಮಸ್ಕಾರ.

ತಮ್ಮ ಪತ್ರ ತಲುಪಿ ಎರಡು ವಾರವಾಗುತ್ತ ಬಂತು. ತಾವು ಎಲ್ಲರಿಗೂ ಕೇಳುವ ಹಾಗೆ ಹೇಳಿದಿರಿ, ಅದನ್ನು ನನಗೆ ಬರೆದು ತಿಳಿಸುವ ದೊಡ್ಡ ಮನಸ್ಸೂ ಮಾಡಿದಿರಿ. ಅದರಲ್ಲಿ ನನ್ನ ಹೆಸರು ಎಳೆದು ಹಾಸ್ಯ ಬೇರೆ. ಆದರೆ ಅಕ್ಷರ ಮಾತ್ರ ನಡುಗಿವೆ. ನಾಲಿಗೆಗೆ ಇಲ್ಲದ ನಾಚಿಕೆ ಕೈಗಾದರೂ ಇದೆ ಎಂದು ಸಮಾಧಾನ ಪಟ್ಟುಕೊಂಡೆ.

ಓಟಾದ ಮಾರನೆಯ ದಿನವೇ ತಮ್ಮನ್ನು ಕೆಳಗಿನ ಕೆಲಸದಿಂದ ಮೇಲೆ ಲ್ಯಾಂಪ್ ರೂಮಿಗೆ ಹಾಕಿದ್ದಾರೆಂದು ಗಾಡಿಯಲ್ಲಿ ಬಂದವರು ಹೇಳಿದರು. ನೆರಳಿನ ಕೆಲಸ, ದೀಪ ಒರೆಸಿ ಕೊಡುವುದು. ಬಹಳ ಸಂತೋಷ. ಇದನ್ನೂ ತಾವು ಬರೆಯಬಹುದಿತ್ತು.

ಉಗಾದಿಗೆ ಬರುವ ತೊಂದರೆ ತೆಗೆದುಕೊಳ್ಳಬೇಡಿ.

ಕೋದಂಡಪ್ಪ


ಊರಿಗಾಂ
13-3-1958

ಬಾವನವರಿಗೆ,

ನೀವು ಕಾರ್ಡಿನಲ್ಲಿ ಏಕೆ ಬರೆದಿರಿ ಎಂದು ಗೊತ್ತಾಯಿತು. ನನ್ನ ಕೈ ಸೇರುವ ಮೊದಲೇ ಅರ್ಧ ಲೈನು ಅದನ್ನು ಓದಿತ್ತು. ನಾನು ಇನ್‌ಲ್ಯಾಂಡಿನಲ್ಲೇ ಬರೆಯುತ್ತೇನೆ. ನಮ್ಮ ಮನೆಯ ಮಾತು ಹಂಚಿ ನನಗೆ ಅಭ್ಯಾಸವಿಲ್ಲ.

ನೀವು "ತಾವು" ಎಂದು ಬರೆದದ್ದನ್ನು ಓದಿ ಆದಿಲಕ್ಷ್ಮಿ ಯಾರಿಗೆ ಬಂದ ಕಾರ್ಡು ಇದು ಎಂದಳು. ನನಗೂ ಹಾಗೇ ಅನ್ನಿಸಿತು. ನಾನು ಮಾಡಿದ ತಪ್ಪಾದರೂ ಏನು? ನೀವು ಹೇಳಿದ ಹಾಗೇ ನಡೆದುಕೊಂಡೆ. ಅದಕ್ಕೇ ಕೋಪವೇ?

ಇಲ್ಲಿ ಒಂದು ಮೋಸ ನಡೆದಿದೆ. ಓಟು ಗೆದ್ದಿತು, ಎಲ್ಲರಿಗೂ ಸಂಘದ ಹೊಸ ಸದಸ್ಯ ಕಾರ್ಡು ಕೊಟ್ಟರು, ನನಗೆ ಕೊಡಲಿಲ್ಲ. ನಾನೂ ಮುನಿಶಾಮಪ್ಪನವರೂ, ಇಬ್ಬರೇ ವಿರೋಧದವರಂತೆ. ನಾನು ಯಾವಾಗ ವಿರೋಧ ಹೇಳಿದೆ ಎಂದು ಕುಪ್ಪುಸ್ವಾಮಿ ಅಣ್ಣನನ್ನು ಕೇಳಿದೆ. "ಎಲ್ಲಾರೂ ಕೇಳುಸ್ಕೊಂಡವ್ರೆ, ಪೋಪ್ಪಾ" ಎಂದು ಬೆನ್ನು ತಿರುಗಿಸಿದರು. ಹೋದ ವರ್ಷ ನಲ್ಲಿಯ ನೀರಿಗೆ ಅವರ ಮನೆಯವರಿಗೂ ಆದಿಲಕ್ಷ್ಮಿಗೂ ಜಗಳವಾಗಿತ್ತು. ಆ ಸೇಡಿಗೆ ನನ್ನ ಹೆಸರಿನ ಮುಂದೆ ಸುಳ್ಳು ಬರೆದಿದ್ದಾರೆ. ಬೇರೇನೂ ಅಲ್ಲ.

ಮುಂದಿನ ತಿಂಗಳ ಕೊನೆಯೊಳಗೆ ಹಳೆಯ ಸದಸ್ಯರೊಬ್ಬರು ನನ್ನ ಪರವಾಗಿ ಹೊಣೆ ನಿಂತರೆ ಕಾರ್ಡು ಕೊಡುತ್ತಾರಂತೆ. ಇಲ್ಲದಿದ್ದರೆ ಕೆಲಸವೂ ಇಲ್ಲ, ಲೈನ್ ಮನೆಯೂ ಇಲ್ಲ. ನನಗೆ ನೀವಲ್ಲದೆ ಯಾರಿದ್ದಾರೆ? ಕುಪ್ಪುಸ್ವಾಮಿ ಅಣ್ಣನಿಗೆ ಒಂದು ಸಾಲು ಬರೆಯಿರಿ.

ಕದಿರಪ್ಪ


ಬಂಗಾರಪೇಟೆ
17-3-1958

ಕದಿರಪ್ಪನವರಿಗೆ,

ಕುಪ್ಪುಸ್ವಾಮಿಗೆ ಒಂದು ಸಾಲು ಬರೆದೆ. ಇವನಿಗೆ ನಾನು ಹೊಣೆಯಲ್ಲ, ನಿಯಮದಂತೆ ಮಾಡು ಎಂದು ಬರೆದೆ.

ತಾವೇ ನನಗೆ ಬರೆದು ಒಪ್ಪಿಕೊಂಡದ್ದನ್ನು ಈಗ ಕುಪ್ಪುಸ್ವಾಮಿಯ ತಲೆಗೆ ಕಟ್ಟುತ್ತೀರಿ. ನನ್ನ ಬೆನ್ನಿಗೆ ಬೀಳಬೇಕಿದ್ದ ಲಾಠಿಯನ್ನು ತನ್ನ ಮೊಣಕೈಯಲ್ಲಿ ತಡೆದವನು ಅವನು. ಆ ಕೈ ಇವತ್ತಿಗೂ ನೆಟ್ಟಗಾಗಿಲ್ಲ. ಅಂಥವನು ನಲ್ಲಿ ನೀರಿನ ಜಗಳಕ್ಕೆ ಸುಳ್ಳು ಬರೆಯುತ್ತಾನೆಯೇ? ಇದನ್ನು ತಮಗೆ ಹೇಳಿಕೊಟ್ಟವನು ಆ ಮುನಿಶಾಮಪ್ಪನೇ ಇರಬೇಕು.

ಇನ್ನು ಬರೆಯಬೇಡಿ.

ಕೋದಂಡಪ್ಪ


ಊರಿಗಾಂ
2-4-1958

ಕೋದಂಡಪ್ಪನವರಿಗೆ,

ಬರೆಯಬೇಡಿ ಎಂದಿರಿ. ಇದೊಂದು ಬರೆದು ನಿಲ್ಲಿಸುತ್ತೇನೆ.

ತಿಂಗಳ ಕೊನೆಗೆ ಮನೆ ಖಾಲಿ ಮಾಡಬೇಕು. ಆದಿಲಕ್ಷ್ಮಿ ಪಾತ್ರೆಗಳನ್ನು ಗೋಣಿಚೀಲಕ್ಕೆ ಕಟ್ಟುತ್ತಿದ್ದಾಳೆ. ಲೈನಿನಲ್ಲಿ ನಮ್ಮೊಡನೆ ಮಾತಾಡುವವರಿಲ್ಲ. ಲ್ಯಾಂಪ್ ರೂಮಿನ ಕಿಟಕಿಯಲ್ಲಿ ನಾನು ಕೊಡುವ ದೀಪವನ್ನು ನನ್ನ ಎದುರಿಗೇ ಹತ್ತಿಸಿ ನೋಡಿ, ಆರಿಸಿ, ಮತ್ತೆ ಹತ್ತಿಸಿ ನೋಡಿಕೊಂಡು ಹೋಗುತ್ತಾರೆ. ಕೆಟ್ಟ ದೀಪ ಕೊಟ್ಟು ಕೆಳಗೆ ಕಳಿಸುವಷ್ಟು ನೀಚ ನಾನು ಎಂದು ಅವರ ಎಣಿಕೆ. ನನ್ನ ಜೊತೆ ಕೂತು ಉಣ್ಣುವವರು ಮುನಿಶಾಮಪ್ಪನವರೊಬ್ಬರೇ. ಅವರು ನನಗೆ ಏನನ್ನೂ ಹೇಳಿಕೊಟ್ಟಿಲ್ಲ. ನೀನು ಯಾಕೆ ಹಾಗೆ ಹೇಳಿದೆ ಎಂದು ಒಂದು ದಿನವೂ ಕೇಳಲಿಲ್ಲ.

ಲ್ಯಾಂಪ್ ರೂಮು ನನಗೆ ಬಹುಮಾನವಲ್ಲ. ಓಟಿನ ದಿನ ಶಿಫ್ಟು ಮುಗಿಯುವ ಮೊದಲು ಟ್ರಾಲಿಗೂ ಬಂಡೆಗೂ ನಡುವೆ ನನ್ನ ಬಲಗೈ ಸಿಕ್ಕಿತು. ಎರಡು ಬೆರಳು ಜಜ್ಜಿಹೋದವು. ಮೇಲೆ ಬಂದವನು ಓಟಿಗೆ ಸೇರಿದ್ದ ಜನರ ಹಿಂದುಗಡೆ ನಲ್ಲಿಯ ಕೆಳಗೆ ಕೈ ಹಿಡಿದು ನಿಂತಿದ್ದೆ. ಹೆಸರು ಕೂಗಿದ್ದು ಆಗಲೇ. ಅಲ್ಲಿಂದಲೇ ಇಲ್ಲೇ ಎಂದು ಕೂಗಿದೆ. ಮುಂದೆ ಹೋಗಿ ಆಮಾ ಎನ್ನೋಣ ಎಂದು ಜನರನ್ನು ಸರಿಸಿಕೊಂಡು ಬರುವಷ್ಟರಲ್ಲಿ ಆಗಲೇ ಬರೆದುಕೊಂಡಿದ್ದರು. ನಮ್ಮವರೇ ಎಂದು ಬರೆದುಕೊಂಡರು ಅಂದುಕೊಂಡೆ. ಅಕ್ಷರ ನಡುಗಿದ್ದು ನಾಚಿಕೆಗಲ್ಲ, ನೋವಿಗೆ. ಅಕ್ಕ ಹೆದರಿಕೊಂಡು ಮೊದಲ ಗಾಡಿಗೇ ಓಡಿಬರುತ್ತಾಳೆ ಎಂದು ಮುಚ್ಚಿಟ್ಟೆ.

ಇದನ್ನೂ ನೀವು ನಂಬುವುದಿಲ್ಲ ಎಂದು ಗೊತ್ತು. ನಿಮ್ಮನ್ನು ನಾನು ತಂದೆಯ ಸ್ಥಾನದಲ್ಲಿ ಇಟ್ಟಿದ್ದೆ. ಅದು ನನ್ನ ತಪ್ಪು.

ಕದಿರಪ್ಪ


ಬಂಗಾರಪೇಟೆ
5-4-1958

ಲೋ ಕದಿರಪ್ಪ,

ಕೈ ಹೇಗಿದೆ? ಮೊದಲು ಅದನ್ನು ಬರೆ.

ನಿನ್ನ ಕಾಗದ ಬಂದಾಗ ಓದಿ ಜೇಬಿಗೆ ಹಾಕಿಕೊಂಡೆ. ಊಟಕ್ಕೆ ಕೂತು ಅರ್ಧಕ್ಕೇ ಎದ್ದೆ. ನಿನ್ನ ಅಕ್ಕ ಬಿಡಲಿಲ್ಲ. ಉಗಾದಿಗೆ ತಮ್ಮ ಬರಲಿಲ್ಲ ಎಂದು ಅವಳು ಮೊದಲೇ ಕೊರಗಿದ್ದಳು. ಎಲ್ಲ ಕಾಗದಗಳನ್ನೂ ಮೊದಲಿಂದ ಓದಿ ಹೇಳಿ ಎಂದು ಬಾಗಿಲಿಗೆ ಅಡ್ಡ ಕೂತಳು. ಓದಿದೆ. ಫೆಬ್ರವರಿಯ ಕಾಗದದಲ್ಲಿ ನೀನು ಇಲ್ಲೇ ಎಂದು ಕೂಗಿದೆ ಅಂತ ಬರೆದಿದ್ದೀಯಲ್ಲ, ಅದನ್ನು ಓದಿ, ನೋಡು, ಅವನೇ ಒಪ್ಪಿಕೊಂಡಿದ್ದಾನೆ ಎಂದೆ. ಅವಳು ನನ್ನ ಮುಖ ನೋಡಿದಳು.

"ಏನ ಒಪ್ಕಂಡವ್ನೆ?"

"ಇಲ್ಲೆ ಅಂದೆ ಅಂತ ಬರ್ದವ್ನಲ್ಲ, ಬೇಡ ಅಂತ."

"ಅಯ್ಯೋ ನಿಮ್ ಕಿವಿಗಿಷ್ಟು! ಇಲ್ಲೇ ಅಂದ್ರೆ ಇಲ್ಲೇ ಇವ್ನಿ ಅಂತ. ಕೂಗಿದ್ಕೆ ಓಗೊಟ್ಟವ್ನೆ. ಸಣ್ಣೋನಿದ್ದಾಗ ಉಣಸೇ ಮರದ್ ಮ್ಯಾಗ್ ಕೂತ್ಕಂಡು ನಾನ್ ಕೂಗಿದ್ರೆ ಅಂಗೇ ಅಂತಿದ್ದ. ಒಂದಿನಾನಾ ಬಂದೆ ಅಂದವ್ನಲ್ಲ ಆ ಸೋಂಬೇರಿ. ಇಲ್ಲೇ, ಇಲ್ಲೇ ಅನ್ನೋದು, ಇಳೀತಾನೇ ಇರ್ಲಿಲ್ಲ."

ಕದಿರಪ್ಪ, ಆ ಸಾಲನ್ನು ಮತ್ತೊಂದು ಸಲ ಓದಿದೆ. ಅರ್ಧ ಆಯಸ್ಸು ಆ ಲೈನಿನಲ್ಲಿ ಕಳೆದು ನನ್ನ ಕಿವಿ ತಮಿಳಾಯಿತು ಎಂದು ಗೊತ್ತಿತ್ತು. ಕಣ್ಣೂ ತಮಿಳಾಗಿದೆ ಎಂದು ಗೊತ್ತಿರಲಿಲ್ಲ. ನೀನು ಕನ್ನಡದಲ್ಲಿ ಇದ್ದೇನೆ ಎಂದೆ, ಕುಪ್ಪುಸ್ವಾಮಿ ತಮಿಳಿನಲ್ಲಿ ಬೇಡ ಎಂದು ಕೇಳಿಸಿಕೊಂಡ. ಆ ಗಲಾಟೆಯಲ್ಲಿ ಅವನಿಗೆ ಹಾಗೆ ಕೇಳಿಸಿದ್ದು ತಪ್ಪಲ್ಲ. ನನಗೆ ಯಾವ ಗಲಾಟೆಯಿತ್ತು? ಕೂತು, ಕನ್ನಡಕ ಹಾಕಿಕೊಂಡು, ನಮ್ಮ ಹುಡುಗನ ಅಕ್ಷರವನ್ನು ಹಾಗೆ ಓದಿದೆನಲ್ಲ. ನೀನು ಮೊದಲು ಒಂದು ಪ್ರಶ್ನೆ ಕೇಳಿದ್ದೆ, ಅವತ್ತೇ ನನ್ನ ಮನಸ್ಸು ನಿನ್ನ ಮೇಲೆ ಅನುಮಾನ ಇಟ್ಟುಕೊಂಡಿತ್ತು. ಆಮೇಲೆ ನೀನು ಏನು ಬರೆದಿದ್ದರೂ ನಾನು ಹಾಗೇ ಓದುತ್ತಿದ್ದೆ.

ಕುಪ್ಪುಸ್ವಾಮಿಗೆ ಇವತ್ತೇ ಎಲ್ಲ ವಿವರವಾಗಿ ಬರೆದಿದ್ದೇನೆ. ನಾನೇ ಬಂದು ನಿಲ್ಲಬೇಕಿತ್ತು. ನಿನ್ನ ಅಕ್ಕ ಬಿಡುತ್ತಿಲ್ಲ. ಚೆನ್ನಾಗಿದ್ದೇನೆ ಎಂದು ಪ್ರತಿ ಸಲ ಬರೆಯುತ್ತಿದ್ದೆ, ಅದೂ ಸುಳ್ಳೇ. ಗಣಿಯ ದೂಳು ಎದೆಯಲ್ಲಿ ಕೂತಿದೆ. ಸ್ಟೇಷನ್ ಮೆಟ್ಟಿಲು ಹತ್ತಿದರೆ ಕೆಮ್ಮಿ ಕೂತುಬಿಡುತ್ತೇನೆ. ಅಂಗಡಿ ವಾರದಲ್ಲಿ ಅರ್ಧಕ್ಕರ್ಧ ದಿನ ಮುಚ್ಚಿರುತ್ತದೆ.

ನನ್ನನ್ನು ಬೈದು ಬರೆ. ಬರೆಯದೆ ಮಾತ್ರ ಇರಬೇಡ.

ನಿನ್ನ ಬಾವ


ಊರಿಗಾಂ
20-4-1958

ಬಾವನವರಿಗೆ ನಮಸ್ಕಾರ.

ಬೈಯುವುದಕ್ಕೆ ಬಹಳ ಇತ್ತು. ನಿಮ್ಮ ಎದೆಯ ವಿಷಯ ಓದಿದ ಮೇಲೆ ಬರೆಯಲು ಮನಸ್ಸಾಗಲಿಲ್ಲ. ಕೈ ಪರವಾಗಿಲ್ಲ. ಒಂದು ಬೆರಳು ಮಡಚುವುದಿಲ್ಲ ಅಷ್ಟೆ. ನಾನೂ ಕುಪ್ಪುಸ್ವಾಮಿ ಅಣ್ಣನ ಮೇಲೆ ಇಲ್ಲದ್ದನ್ನು ಹೊರಿಸಿದ್ದೆ. ಅವರ ಮನೆಗೆ ಹೋಗಿ ಹೇಳಿಕೊಂಡೆ. ಕಾಫಿ ಕೊಟ್ಟರು. ನಲ್ಲಿ ಜಗಳ ಅವರಿಗೆ ನೆನಪೇ ಇರಲಿಲ್ಲ.

ನಿನ್ನೆ ಮೀಟಿಂಗ್ ಆಯಿತು. ನನ್ನನ್ನೂ ಮುನಿಶಾಮಪ್ಪನವರನ್ನೂ ಮುಂದೆ ನಿಲ್ಲಿಸಿದರು. ಕುಪ್ಪುಸ್ವಾಮಿ ಅಣ್ಣ ನಿಮ್ಮ ಕಾಗದದಲ್ಲಿದ್ದುದನ್ನು ಎಲ್ಲರಿಗೂ ಹೇಳಿ, "ಕದಿರಪ್ಪಾ, ಅನ್ನೈಕಿ ನೀ ಸೊನ್ನದು ಕನ್ನಡಮಾ, ತಮಿಳಾ?" ಎಂದು ಅವತ್ತು ನಾನು ಹೇಳಿದ ಮಾತು ಯಾವ ಭಾಷೆಯದೆಂದು ಕೇಳಿದರು. "ಕನ್ನಡ ಕಣಣ್ಣ" ಎಂದೆ. ಇಡೀ ಮೈದಾನ ನಕ್ಕಿತು. ನಿನ್ನೆಯವರೆಗೆ ನನ್ನ ದೀಪವನ್ನು ನಂಬದವರು ಬಂದು ಬೆನ್ನು ತಟ್ಟಿದರು. ಕಾರ್ಡು ಕೊಟ್ಟರು. ಆದಿಲಕ್ಷ್ಮಿ ಕಟ್ಟಿದ್ದ ಪಾತ್ರೆಗಳನ್ನು ಬಿಚ್ಚಿದಳು.

ನಾನು ಬರೆಯಬೇಕಾದದ್ದು ಇದಲ್ಲ. ಆ ನಗು ನಿಲ್ಲುವ ಮೊದಲೇ ಕುಪ್ಪುಸ್ವಾಮಿ ಅಣ್ಣ ಮುನಿಶಾಮಪ್ಪನವರ ಕಡೆ ತಿರುಗಿದರು. ಅವರ ದನಿಯಲ್ಲಿ ಪ್ರೀತಿಯಿತ್ತು ಬಾವ, ನಾನು ಸುಳ್ಳು ಹೇಳುವುದಿಲ್ಲ. "ಮುನಿಶಾಮಪ್ಪಾ, ನಿಂದೂ ಕನ್ನಡಾನೇ ತಾನೆ?" ಎಂದರು. ಹೂಂ ಎಂದಿದ್ದರೆ ಸಾಕಿತ್ತು. ಅವರೂ ಕೋಲಾರದ ಕಡೆಯವರು, ಯಾರೂ ಮರುಮಾತಾಡುತ್ತಿರಲಿಲ್ಲ. ಎಲ್ಲರೂ ಆ ಹೂಂಗೇ ಕಾದಿದ್ದರು. ಅವರು ಟವೆಲಿನಲ್ಲಿ ಮುಖ ಒರೆಸಿಕೊಂಡು, "ಇಲ್ಲ ಕಣಣ್ಣ. ನಾನ್ ಅಂದಿದ್ದು ತಮಿಳೇ" ಎಂದರು.

ನಗು ನಿಂತಿತು. ಅವರು ಒಬ್ಬರೇ ಜನರ ನಡುವೆ ದಾರಿ ಮಾಡಿಕೊಂಡು ಹೊರಗೆ ಹೋದರು. ನನಗೆ ಯಾರೂ ಇಲ್ಲದಾಗ ಜೊತೆ ಕೂತು ಉಂಡವರು. ನಾನು ಕಾರ್ಡು ಹಿಡಿದುಕೊಂಡು ಅಲ್ಲೇ ನಿಂತಿದ್ದೆ. ಅವರನ್ನು ಕೂಗಲೂ ಇಲ್ಲ. ನನಗೆ ಬಹಳ ನಾಚಿಕೆಯಾಯಿತು.

ಕದಿರಪ್ಪ


ಬಂಗಾರಪೇಟೆ
24-4-1958

ಚಿರಂಜೀವಿ ಕದಿರಪ್ಪನಿಗೆ ಆಶೀರ್ವಾದ.

ಕಾರ್ಡು ಸಿಕ್ಕಿದ ಸುದ್ದಿ ಕೇಳಿ ನಿನ್ನ ಅಕ್ಕ ಪಾಯಸ ಮಾಡಿದಳು.

ಮುನಿಶಾಮಪ್ಪನ ವಿಷಯ ನೀನು ಬರೆದದ್ದನ್ನು ಎರಡು ಸಲ ಓದಿದೆ. ಅವನ ಹಿಂದೆ ಯಾರೂ ಇಲ್ಲ ಎಂದು ಈಗಲೂ ನಾನು ಒಪ್ಪುವುದಿಲ್ಲ. ಯಾರೂ ಇಲ್ಲದೆ ಒಬ್ಬ ಮನುಷ್ಯ ಹಾಗೆ ನಿಲ್ಲುತ್ತಾನೆಯೇ? ಸಂಘಕ್ಕೆ ನಿಯಮವಿರಬೇಕು. ಒಬ್ಬನಿಗೆ ಬಿಟ್ಟರೆ ನಾಳೆ ಎಲ್ಲರೂ ಬಾಗಿಲು ಹಾಕಿಕೊಂಡು ಕೂರುತ್ತಾರೆ.

ಅದಿರಲಿ. ನಾನೊಂದು ಯೋಚನೆ ಮಾಡಿದ್ದೇನೆ. ಆ ಕೈಯಲ್ಲಿ ನೀನು ಮತ್ತೆ ಕೆಳಗೆ ಇಳಿಯಬೇಡ. ನನ್ನಿಂದ ಅಂಗಡಿ ಆಗುತ್ತಿಲ್ಲ. ಗೋಲಿ ಒತ್ತುವಷ್ಟರಲ್ಲೇ ಉಸಿರು ಹೋಗುತ್ತದೆ. ನೀನು ಆದಿಲಕ್ಷ್ಮಿಯನ್ನು ಕರೆದುಕೊಂಡು ಇಲ್ಲಿಗೇ ಬಂದುಬಿಡು. ಅಂಗಡಿ ನಿನ್ನದೇ. ನಾನು ಒಂದು ಮೂಲೆಯಲ್ಲಿ ಕೂತು ಗಿರಾಕಿಗಳ ಜೊತೆ ರಾಜಕೀಯ ಮಾತಾಡಿಕೊಂಡಿರುತ್ತೇನೆ. ಅನುಮಾನ ಪಟ್ಟವರ ನಡುವೆ ಇನ್ನೂ ಯಾಕಿರಬೇಕು ನೀನು?

ಉದ್ದ ಕಾಗದ ಬೇಡ. ಬರುತ್ತೀಯೋ ಎಂದು ಕೇಳಿದ್ದೇನೆ, ಒಂದೇ ಮಾತಿನಲ್ಲಿ ಉತ್ತರ ಬರೆ.

ನಿನ್ನ ಬಾವ


ಊರಿಗಾಂ
1-5-1958

ಪೂಜ್ಯ ಬಾವನವರಿಗೆ ಕದಿರಪ್ಪನ ನಮಸ್ಕಾರಗಳು.

ಈ ಕಾಗದವನ್ನು ಅಂಚೆಗೆ ಹಾಕಲಿಲ್ಲ. ನಿಮ್ಮ ಕೈಗೆ ಇದನ್ನು ಕೊಟ್ಟು ಅಂಗಡಿಯ ಮುಂದೆ ಗಂಟು ಇಳಿಸಿ ನಿಂತಿರುವವರೇ ಮುನಿಶಾಮಪ್ಪನವರು. ನಿನ್ನೆ ಅವರನ್ನು ಕೆಲಸದಿಂದ ಬಿಡಿಸಿದರು. ಅವರ ಹಿಂದೆ ಯಾರಿದ್ದಾರೆ ಎಂದು ಕೇಳುತ್ತಿದ್ದಿರಿ. ಈಗ ಕಣ್ಣಾರೆ ನೋಡಿ. ಹಿಂದೆ ಹೆಂಡತಿ ಚಿಕ್ಕವೆಂಕಟಮ್ಮ ಇದ್ದಾರೆ, ಮತ್ತೆ ಯಾರೂ ಇಲ್ಲ.

ಅಂಗಡಿ ನಿಮ್ಮಿಂದ ಆಗುತ್ತಿಲ್ಲ ಎಂದಿರಿ, ಅದಕ್ಕೆ ಗಟ್ಟಿ ಕೈ ಬೇಕು. ನನ್ನದಕ್ಕಿಂತ ಅವರದು ಗಟ್ಟಿ. ಬಾಟಲಿ ತೊಳೆಯಿರಿ ಅಂದರೆ ತೊಳೆಯುತ್ತಾರೆ. ತೊಳೆಯಲೇಬೇಕು ಎಂದು ಮಾತ್ರ ಹೇಳಬೇಡಿ. ರಾಜಕೀಯ ಮಾತಾಡಲು ನಿಮಗೆ ಇವರಿಗಿಂತ ಒಳ್ಳೆಯ ಜೊತೆ ಸಿಗುವುದಿಲ್ಲ. ದಿನವೂ ಜಗಳವಾಡಿ. ಭಾನುವಾರ ನಾನು ಬಂದು ಇಬ್ಬರಿಗೂ ನ್ಯಾಯ ಹೇಳುತ್ತೇನೆ.

ಮುಂದಿನ ಮೀಟಿಂಗಿನಲ್ಲಿ ಇವರ ವಿಷಯ ಎತ್ತುವುದಾಗಿ ಕುಪ್ಪುಸ್ವಾಮಿ ಅಣ್ಣನಿಗೆ ಹೇಳಿದ್ದೇನೆ. ಮುಖ ಗಂಟಿಕ್ಕಿದರು, ಬೇಡ ಎನ್ನಲಿಲ್ಲ. ಸದಸ್ಯನಾದವನಿಗೆ ಮಾತಾಡುವ ಹಕ್ಕಿದೆಯಂತೆ. ಕಾರ್ಡು ಅದಕ್ಕಾದರೂ ಬೇಕಲ್ಲ. ಸಂಘ ನನಗೂ ಬೇಕು ಬಾವ, ನಿಮಗೆ ಬೇಕಿದ್ದಷ್ಟೇ ಬೇಕು. ಬೇಡ ಎಂದವನೂ ಅನ್ನ ತಿಂದುಕೊಂಡು ಇರಬಹುದಾದ ಸಂಘ ಆಗಲಿ ಎಂದು ನನ್ನ ಆಸೆ. ಅದನ್ನು ಬಂಗಾರಪೇಟೆಯಲ್ಲಿ ಸೋಡಾ ಮಾರಿಕೊಂಡು ಹೇಳಿದರೆ ಯಾರು ಕೇಳುತ್ತಾರೆ?

ಬರುತ್ತೀಯೋ ಎಂದು ಕೇಳಿದಿರಿ, ಒಂದೇ ಮಾತಿನಲ್ಲಿ ಉತ್ತರ ಬರೆ ಎಂದಿರಿ. ಬರೆದಿದ್ದೇನೆ. ಈ ಸಲ ನೀವು ಕನ್ನಡದಲ್ಲಿ ಓದಿಕೊಂಡರೂ ಸರಿ, ತಮಿಳಿನಲ್ಲಿ ಓದಿಕೊಂಡರೂ ಸರಿ, ತಪ್ಪಾಗುವುದಿಲ್ಲ.

ಇಲ್ಲೇ.

ಕದಿರಪ್ಪ